ಒಂದೇ ಕವರು, ಮೂರು ಅರ್ಜಿ: ನಮ್ಮ ಕಾಂಗ್ರೆಸ್ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಕಾಂಗ್ರೆಸ್ ಸದಸ್ಯರೇ,

ನಮಸ್ಕಾರ. (ಊರಿನ ಓದುಗರು ತಪ್ಪು ತಿಳಿಯಬೇಡಿ. ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಅಮೆರಿಕದ ಸಂಸತ್ತು.) ನಾನು ನಿಮ್ಮ ಕ್ಷೇತ್ರದಲ್ಲಿ ಹನ್ನೊಂದು ವರ್ಷದಿಂದ ಇರುವವಳು. ಊರು ದಾವಣಗೆರೆ. ನಿಮಗೆ ಓಟು ಹಾಕುವ ಹಕ್ಕು ನನಗಿಲ್ಲ. ಟ್ಯಾಕ್ಸ್ ಕಟ್ಟುವ ಹಕ್ಕು ಮಾತ್ರ ಧಾರಾಳವಾಗಿ ಕೊಟ್ಟಿದ್ದೀರಿ. ಈಗ ಐದು ತಿಂಗಳಿಂದ ಸಂಬಳದ ಮೇಲಿನ ಟ್ಯಾಕ್ಸೂ ಇಲ್ಲ, ಯಾಕಂದರೆ ಸಂಬಳವೇ ಇಲ್ಲ.

ನನ್ನ ವೀಸಾ ಮತ್ತು ಕೆಲಸದ ಪರ್ಮಿಟ್ಟಿನ ಅರ್ಜಿಗಳು ಬಾಕಿ ಬಿದ್ದಿವೆ ಅಂತ ನಿಮ್ಮ ಆಫೀಸಿಗೆ ಇಂಗ್ಲಿಷಿನಲ್ಲಿ ಮೂರು ಸಲ ಬರೆದೆ. ನನ್ನ ಫೈಲು ನೋಡಲು ಅನುಮತಿ ಕೊಡುವ ಫಾರಂ ತುಂಬಿಸಿ ಅಂದಿರಿ, ತುಂಬಿಸಿದೆ. ಮೂರು ಸಲವೂ ಒಂದೇ ಉತ್ತರ ಬಂತು. ವಲಸೆ ಇಲಾಖೆಯನ್ನು ವಿಚಾರಿಸಿದ್ದೇವೆ, ನಿಮ್ಮ ಅರ್ಜಿ ನಾರ್ಮಲ್ ಸಮಯದ ಒಳಗೇ ಇದೆ. ಕೆಳಗೆ ನಿಮ್ಮ ಸಹಿ. ಮೂರರಲ್ಲೂ ಕೊನೆಯ ಅಕ್ಷರದ ಬಾಲ ಒಂದೇ ಕಡೆ ಮುರಿದಿದೆ. ಇಂಗ್ಲಿಷ್ ಪತ್ರವನ್ನು ಓದದೆ ಉತ್ತರ ಕೊಡಬಹುದಾದರೆ ಕನ್ನಡದ್ದಕ್ಕೂ ಕೊಡಬಹುದು ಅಲ್ವಾ? ಅದಕ್ಕೇ ಈ ಸಲ ಕನ್ನಡ. ನಿಮಗೆ ಅರ್ಥವಾಗದಿದ್ದರೂ ನನ್ನ ಹಾಗೆ ಕಾಯುತ್ತಿರುವ ನೂರಾರು ಹೆಣ್ಣುಮಕ್ಕಳಿಗಾದರೂ ಅರ್ಥವಾಗುತ್ತದೆ.

ನನ್ನ ಬೇಡಿಕೆ ಒಂದೇ. ಮೊದಲೇ ಹೇಳಿಬಿಡುತ್ತೇನೆ. ಗಂಡನ ಅರ್ಜಿಗೆ ಪ್ರೀಮಿಯಂ ದುಡ್ಡು, ಅಂದರೆ ಬೇಗ ನೋಡಲು ಕೊಡುವ ಹೆಚ್ಚಿನ ಫೀಸು, ತಗೊಂಡ ಮೇಲೆ ಅದರ ಜೊತೆಗೇ ಬಂದ ಹೆಂಡತಿಯ ಅರ್ಜಿಯನ್ನೂ ಒಟ್ಟಿಗೆ ನೋಡಿ.

2025ರ ಜುಲೈನಲ್ಲಿ ನಮ್ಮ ಮನೆಯಿಂದ ಮೂರು ಅರ್ಜಿ ಹೋದವು. ನಮ್ಮವರ ಎಚ್-1ಬಿ, ಅಂದರೆ ಕೆಲಸದ ವೀಸಾ, ಮುಂದುವರಿಸಲು ಕಂಪನಿ ಹಾಕಿದ್ದು ಒಂದು. ನನ್ನ ಎಚ್-4, ಅಂದರೆ ಅವರ ಹೆಂಡತಿಯಾಗಿ ಇಲ್ಲಿರುವ ವೀಸಾ, ಮುಂದುವರಿಸಲು ಒಂದು. ನನ್ನ ಕೆಲಸದ ಪರ್ಮಿಟ್ಟಿಗೆ, ಅಂದರೆ ಇಎಡಿ ಕಾರ್ಡಿಗೆ, ಇನ್ನೊಂದು. ಮೂರೂ ಒಂದೇ ಕವರಿನಲ್ಲಿ. ಮದುವೆ ಸರ್ಟಿಫಿಕೇಟು, ಪಾಸ್‌ಪೋರ್ಟಿನ ಪುಟಗಳು, ಎಲ್ಲಕ್ಕೂ ಬಣ್ಣದ ಚೀಟಿ ಅಂಟಿಸಿ ಲಾಯರ್ ಆಫೀಸಿನವರು ಕಳಿಸಿದರು. ಜೊತೆಗೆ ಪ್ರೀಮಿಯಂ ಕೇಳುವ ಐ-907 ಫಾರಂ, 2,805 ಡಾಲರಿನ ಚೆಕ್ಕು. ಕಂಪನಿಯವರು, ಬೇಗ ಆಗಬೇಕು ಅನ್ನುವುದು ನಿಮ್ಮ ಸ್ವಂತ ಅಗತ್ಯ, ದುಡ್ಡು ನೀವೇ ಹಾಕಿಕೊಳ್ಳಿ ಅಂದರು. ಹಾಕಿಕೊಂಡೆವು. ಆಗಿನ ಲೆಕ್ಕದಲ್ಲಿ ಸುಮಾರು 2.4 ಲಕ್ಷ ರೂಪಾಯಿ.

ಅತ್ತೆಗೆ ಫೋನಿನಲ್ಲಿ ಇದನ್ನು ಹೇಳಿದೆ. "ಅಲ್ಲೂ ಲಂಚ ಐತೇನವ್ವಾ?" ಅಂದರು.

"ಲಂಚ ಅಲ್ಲ ಅತ್ತೆ, ಇದಕ್ಕೆ ರಸೀದಿ ಕೊಡ್ತಾರೆ."

"ರಸೀದಿ ಕೊಟ್ರ ಲಂಚ ಅಲ್ಲ ಅಂತಾತು."

ತತ್ಕಾಲ್ ಇದ್ದ ಹಾಗೆ ಅಂತ ಸಮಾಧಾನ ಹೇಳಿದೆ. ಆದರೆ ರೈಲಿನಲ್ಲಿ ತತ್ಕಾಲ್ ಟಿಕೆಟ್ ತಗೊಂಡರೆ ಗಂಡ ಹೆಂಡತಿ ಒಂದೇ ರೈಲು ಹತ್ತುತ್ತಾರೆ. ಇಲ್ಲಿ ಗಂಡ ಇಳಿದು ಮನೆ ಸೇರಿ ಸ್ನಾನ ಮಾಡಿ ಊಟಕ್ಕೆ ಕೂತರೂ ಹೆಂಡತಿ ಇನ್ನೂ ಪ್ಲಾಟ್‌ಫಾರಂ ಮೇಲೇ ನಿಂತಿರುತ್ತಾಳೆ.

ನಮ್ಮವರ ಅರ್ಜಿ ಒಂಬತ್ತನೇ ಕೆಲಸದ ದಿನಕ್ಕೆ ಪಾಸಾಯಿತು. ಕಾನೂನಿನ ಪ್ರಕಾರ ಇಲಾಖೆಗೆ 15 ದಿನ ಇತ್ತು. (2024ರ ಏಪ್ರಿಲ್‌ವರೆಗೆ 15 ದಿನ ಅಂದರೆ ಕ್ಯಾಲೆಂಡರಿನ 15 ದಿನ. ಆಮೇಲೆ ಶನಿವಾರ, ಭಾನುವಾರ, ಸರ್ಕಾರಿ ರಜೆ ಎಲ್ಲ ಬಿಟ್ಟು 15 ಮಾಡಿದರು. ಅಂದರೆ ಮೂರು ವಾರ. ಅದೇ ವರ್ಷ ಫೀಸನ್ನು 2,500ರಿಂದ 2,805 ಮಾಡಿದ್ದರು. ಜಾಸ್ತಿ ದುಡ್ಡು, ಜಾಸ್ತಿ ದಿನ. ಇರಲಿ.) ನನ್ನ ಎರಡು ಅರ್ಜಿಗಳು ಎಲ್ಲಿಗೆ ಹೋದವೋ ದೇವರಿಗೇ ಗೊತ್ತು. ಇವತ್ತಿಗೆ ಎಂಟು ತಿಂಗಳು.

ನನ್ನ ಅರ್ಜಿಯಲ್ಲಿ ನೋಡುವುದಕ್ಕೆ ಏನಿದೆ ಅನ್ನುವುದೂ ನಿಮಗೆ ಗೊತ್ತು. ಇವನು ಈ ದೇಶದಲ್ಲಿ ಇರಬಹುದಾ? ಇರಬಹುದು, ನೀವೇ ಈಗಷ್ಟೇ ಒಪ್ಪಿದ್ದೀರಿ. ಇವಳು ಇವನ ಹೆಂಡತಿಯಾ? ಹೌದು, ಸರ್ಟಿಫಿಕೇಟು ಅದೇ ಕವರಿನಲ್ಲಿದೆ. ಮುಗಿಯಿತು. ಮೊದಲನೆಯ ಅರ್ಜಿ ಓದಿದ ಅಧಿಕಾರಿಗೆ ಇನ್ನೊಂದು ಕಪ್ ಕಾಫಿ ಕುಡಿಯುವಷ್ಟು ಹೊತ್ತು ಸಾಕು.

ಹಿಂದೆ ಹಾಗೇ ಮಾಡುತ್ತಿದ್ದರು. 2019ರಲ್ಲಿ ಎಚ್-4ರವರೆಲ್ಲ ಬೆರಳಚ್ಚು ಕೊಡಬೇಕು ಅಂತ ಹೊಸದಾಗಿ ತಂದು ಮೂರನ್ನೂ ಬೇರೆ ಬೇರೆ ಮಾಡಿದರು. ಕೆಲಸ ಕಳೆದುಕೊಂಡ ಹೆಂಗಸರು ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ರಾಜಿಯಾಯಿತು. ಒಟ್ಟಿಗೆ ಹಾಕಿದ ಅರ್ಜಿಗಳನ್ನು ಒಟ್ಟಿಗೇ ನೋಡುತ್ತೇವೆ, ಪ್ರೀಮಿಯಂ ಇದ್ದರೂ ಅಷ್ಟೇ, ಅಂತ ಇಲಾಖೆ ಒಪ್ಪಿತು. ನಮ್ಮ ಪಕ್ಕದ ಮನೆಯವರದ್ದು 2024ರಲ್ಲಿ ಮೂರೂ ಒಂದೇ ವಾರದಲ್ಲಿ ಬಂತು. ಆ ರಾಜಿಯ ಅವಧಿ ಎರಡೇ ವರ್ಷ. 2025ರ ಜನವರಿಗೆ ಮುಗಿಯಿತು. ಮುಗಿದ ಮೇಲೆ ಹಾಗೆ ಮಾಡಬೇಡಿ ಅಂತ ಯಾವ ಕೋರ್ಟೂ ಹೇಳಿಲ್ಲ. ಮಾಡಲೇಬೇಕು ಅನ್ನುವವರು ಯಾರೂ ಇಲ್ಲದ್ದಕ್ಕೆ ಬಿಟ್ಟುಬಿಟ್ಟರು. ಮೇಷ್ಟ್ರು ಕ್ಲಾಸಿನಿಂದ ಹೊರಗೆ ಹೋದ ತಕ್ಷಣ ಪುಸ್ತಕ ಮುಚ್ಚುವ ಹುಡುಗರ ಹಾಗೆ.

ಈಗ ನನ್ನ ಕಷ್ಟ ಸ್ವಲ್ಪ ಕೇಳಿ. ಉದ್ದ ಆಗುತ್ತದೆ, ಪರವಾಗಿಲ್ಲ, ನಾನೇನೂ ನಿಮ್ಮನ್ನು ಎಂಟು ತಿಂಗಳು ಕಾಯಿಸುವುದಿಲ್ಲ.

ನಾನು ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೆ. ಆರು ವರ್ಷ. ಇನ್ಶೂರೆನ್ಸ್ ಕಂಪನಿಗಳು ಆಗಲ್ಲ ಅಂತ ವಾಪಸ್ ಕಳಿಸಿದ ಬಿಲ್ಲುಗಳಲ್ಲಿ ತಪ್ಪು ಹುಡುಕಿ ದುಡ್ಡು ತರಿಸುವುದು ನನ್ನ ಕೆಲಸ. ಫಾರಂ ತುಂಬಿಸುವುದರಲ್ಲಿ ನಾನು ದಡ್ಡಿಯಲ್ಲ ಅಂತ ಹೇಳುತ್ತಿದ್ದೇನೆ. ನನ್ನ ಕಾರ್ಡಿನ ಕೊನೆಯ ದಿನ 2025ರ ಸೆಪ್ಟೆಂಬರ್ 30, ಮಂಗಳವಾರ. ಅವತ್ತು ಸಂಜೆ ಮ್ಯಾನೇಜರಮ್ಮ ನನ್ನ ಮೇಜಿನ ಹತ್ತಿರ ಬಂದು, ನಾಳೆ ಬೆಳಿಗ್ಗೆಯೊಳಗೆ ಹೊಸ ಕಾರ್ಡು ಬರುವ ಆಸೆ ಏನಾದರೂ ಇದೆಯಾ ಅಂತ ಕೇಳಿದರು. ನಾನು ನಕ್ಕೆ. ಕುತ್ತಿಗೆಯ ಬ್ಯಾಡ್ಜ್ ತೆಗೆದು ಕೊಟ್ಟೆ. ಅರವತ್ತು ದಿನ ನನ್ನ ಜಾಗ ಹಾಗೇ ಇಟ್ಟಿದ್ದರು. ಡಿಸೆಂಬರಿನಲ್ಲಿ ಬೇರೆಯವರನ್ನು ತಗೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಕಾರ್ಡು ತಾನಾಗಿ 540 ದಿನ ಮುಂದುವರಿಯುವ ಅನುಕೂಲ ಇತ್ತಲ್ಲಾ ಅಂತ ನಿಮ್ಮ ಆಫೀಸಿನ ಹುಡುಗ ಕೇಳಿದ. ಇತ್ತು. ಆದರೆ ಎಚ್-4ರವರಿಗೆ ಅದು ಸಿಗಬೇಕಾದರೆ ಐ-94ರಲ್ಲಿ, ಅಂದರೆ ಈ ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಅಂತ ಬರೆದ ದಾಖಲೆಯಲ್ಲಿ, ದಿನ ಬಾಕಿ ಇರಬೇಕು. ನನ್ನ ಐ-94 ಮುಗಿಯುವುದೂ ಅದೇ ಸೆಪ್ಟೆಂಬರ್ 30ಕ್ಕೆ. ಹೊಸ ಐ-94 ಬರಬೇಕಾದದ್ದು ಅದೇ ಫೈಲಿನಿಂದ, ಅದೇ ಇಲಾಖೆಯಿಂದ. ಬೀಗದ ಕೈ ಪೆಟ್ಟಿಗೆಯೊಳಗಿದೆ, ಪೆಟ್ಟಿಗೆಗೆ ಬೀಗ ಹಾಕಿದೆ. 2025ರ ಅಕ್ಟೋಬರ್ 30ರಿಂದ ಹೊಸದಾಗಿ ಹಾಕಿದ ಅರ್ಜಿಗಳಿಗೆ ಆ ಅನುಕೂಲವನ್ನೂ ತೆಗೆದುಹಾಕಿದರು. ಇನ್ನು ಆ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಲ್ಲ.

ತುರ್ತು ಅಂತ ಕೋರಿಕೆ ಹಾಕಿ ನೋಡಿದೆ. ಕೆಲಸದ ಪರ್ಮಿಟ್ಟು ಬೇಕು ಅನ್ನುವುದೊಂದೇ ತುರ್ತಲ್ಲವಂತೆ, ಜೊತೆಗೆ ಬೇರೆ ಬಲವಾದ ಕಾರಣ ಬೇಕಂತೆ. ಕೆಲಸದ ಪರ್ಮಿಟ್ಟಿನ ಅರ್ಜಿಯಲ್ಲಿ ಪರ್ಮಿಟ್ಟು ಬೇಕು ಅನ್ನುವುದು ಕಾರಣವಾಗುವುದಿಲ್ಲ! ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಒಂದು ಮಷಿನ್ನು ನಿಮ್ಮ ಸಮಸ್ಯೆಯನ್ನು ಚುಟುಕಾಗಿ ಹೇಳಿ ಅನ್ನುತ್ತದೆ. ಹೇಳಿದೆ. "ನೀವು ವಿಳಾಸ ಬದಲಾಯಿಸಬೇಕು, ಸರಿಯಾ?" ಅಂತ ಕೇಳಿತು.

ಡ್ರೈವಿಂಗ್ ಲೈಸೆನ್ಸೂ ಸೆಪ್ಟೆಂಬರ್ 30ಕ್ಕೇ ಮುಗಿಯಿತು. ಅದನ್ನೂ ಐ-94ಕ್ಕೇ ಕಟ್ಟಿದ್ದಾರೆ. ನಮ್ಮ ಊರಿನಲ್ಲಿ ಬಸ್ಸಿಲ್ಲ, ನಿಮಗೆ ಗೊತ್ತು, ಬಸ್ ತರುತ್ತೇನೆ ಅಂತ ನೀವೇ ಒಂದು ಸಲ ಹೇಳಿದ್ದಿರಿ. ಜನವರಿಯಲ್ಲಿ ನಮ್ಮವರು ಬೇರೆ ಊರಿಗೆ ಹೋಗಿದ್ದಾಗ ಅಕ್ಕಿ ಖಾಲಿಯಾಯಿತು. ಇಂಡಿಯನ್ ಅಂಗಡಿ ಎರಡು ಮೈಲಿ. ಗ್ಯಾರೇಜಿನಿಂದ ಮಗನ ಹಳೆಯ ಸ್ಟ್ರೋಲರ್ ತೆಗೆದೆ. ಅವನಿಗೀಗ ಎಂಟು ವರ್ಷ, ಅದರ ಒಂದು ಚಕ್ರ ಕೀಚಲು ಸದ್ದು ಮಾಡುತ್ತದೆ. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಕೂರಿಸಿ, ಜಾರದಿರಲಿ ಅಂತ ಬೆಲ್ಟ್ ಹಾಕಿ, ಒದ್ದೆಯಾಗದಿರಲಿ ಅಂತ ನನ್ನ ಶಾಲು ಹೊದಿಸಿ, ಹಿಮದಲ್ಲಿ ತಳ್ಳಿಕೊಂಡು ಬಂದೆ. ತಿರುವಿನಲ್ಲಿ ಒಬ್ಬ ಅಜ್ಜಿ ನಿಂತು, ಬಗ್ಗಿ, ಮೆಲ್ಲಗೆ, "ಪಾಪು ಮಲಗಿದೆಯಾ?" ಅಂತ ಕೇಳಿದರು. ಹೌದು ಅಂದೆ. ಏನು ಹೇಳಲಿ? ಮನೆಗೆ ಬಂದು ಚೀಲ ಇಳಿಸುವಾಗ ಮೊದಲು ನಗು ಬಂತು. ಆಮೇಲೆ ಬಂದದ್ದು ನಗು ಅಲ್ಲ.

ಅದೂ ನಾರ್ಮಲ್ ಸಮಯದ ಒಳಗೇ ನಡೆಯಿತು.

ದುಡ್ಡಿನ ಮಾತಿಗೆ ಬರುತ್ತೇನೆ. ಈ ಪ್ರೀಮಿಯಂ ವ್ಯವಸ್ಥೆ ಮಾಡಿದ್ದು ನಿಮ್ಮ ಸದನವೇ, 2000ದಲ್ಲಿ. 2001ರ ಜೂನಿನಲ್ಲಿ ಶುರುವಾದಾಗ ಫೀಸು 1,000 ಡಾಲರ್. ಆ ದುಡ್ಡಿನಿಂದ ಬೇಗ ಅರ್ಜಿ ನೋಡುವುದಷ್ಟೇ ಅಲ್ಲ, ಇಲಾಖೆಯ ಒಟ್ಟು ಕೆಲಸವನ್ನೇ ಸುಧಾರಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿರಿ. 25 ವರ್ಷ ಕಳೆಯಿತು. 2026ರ ಮಾರ್ಚ್ 1ರಿಂದ ಫೀಸು 2,965 ಡಾಲರ್. ಸುಧಾರಿಸಿದ್ದು ಏನು ಅಂತ ನೀವು ಹೇಳಬೇಕು. ನನಗೆ ಕಾಣುವುದು ಇಷ್ಟೇ: ಸಾಮಾನ್ಯ ಸಾಲು ನಿಧಾನ ಇದ್ದಷ್ಟೂ ದುಡ್ಡಿನ ಸಾಲಿಗೆ ಗಿರಾಕಿ ಜಾಸ್ತಿ. ಸಾಮಾನ್ಯ ಸಾಲನ್ನು ಬೇಗ ನಡೆಸಿ ಇವರಿಗೆ ಆಗಬೇಕಾದದ್ದೇನಿದೆ?

ಇನ್ನೊಂದು ವಿಷಯ ಕೇಳಿದರೆ ನಿಮಗೇ ನಾಚಿಕೆ ಆಗಬೇಕು. 2020ರಲ್ಲಿ ನಿಮ್ಮ ಸದನ ಇನ್ನೊಂದು ಕಾಯ್ದೆ ಮಾಡಿ ನಮ್ಮಂಥವರ ಅರ್ಜಿಗಳಿಗೂ ಪ್ರೀಮಿಯಂ ತೆರೆಯಬಹುದು ಅಂತ ಅನುಮತಿ ಕೊಟ್ಟಿತು. 2022ರಲ್ಲಿ ನಿಯಮವೂ ಬಂತು, ಎಚ್-4ರ ಹೆಸರೂ ಅದರಲ್ಲಿತ್ತು. ಹಂತ ಹಂತವಾಗಿ ತೆರೆಯುತ್ತೇವೆ ಅಂದರು. 2023ರಲ್ಲಿ ವಿದ್ಯಾರ್ಥಿಗಳಿಗೆ ತೆರೆದರು. ಒಳ್ಳೆಯದಾಯಿತು, ಪಾಪ ಅವರಿಗೂ ಕಷ್ಟ ಇದೆ. ನಮ್ಮ ಹಂತ ಇನ್ನೂ ಬಂದಿಲ್ಲ. ಅಂದರೆ ಪುಕ್ಕಟೆ ಬೇಗ ಮಾಡಿ ಅಂದರೆ ಮಾಡುವುದಿಲ್ಲ, ದುಡ್ಡು ಕೊಡುತ್ತೇವೆ ಅಂದರೂ ತಗೊಳ್ಳುವುದಿಲ್ಲ. ಹಾಗಂತ ನಾನು ಇನ್ನೊಂದು ಫೀಸು ಕೇಳುತ್ತಿಲ್ಲ. ತಗೊಂಡಾಗಿದೆ. ಆ ದುಡ್ಡಿನಲ್ಲೇ ಮೂರನ್ನೂ ಒಟ್ಟಿಗೆ ನೋಡಿ.

ಕರ್ನಾಟಕದಲ್ಲಿ ಸಕಾಲ ಅಂತ ಒಂದು ಕಾಯ್ದೆ ಇದೆ, 2011ರದ್ದು. ಸರ್ಕಾರಿ ಕಚೇರಿ ಹೇಳಿದ ದಿನಕ್ಕೆ ಕೆಲಸ ಮಾಡಿಕೊಡದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಅದು ಎಷ್ಟು ನಡೆಯುತ್ತದೆ, ಎಷ್ಟು ಜನ ತಗೊಂಡಿದ್ದಾರೆ ಅಂತ ಕೇಳಬೇಡಿ, ನಮ್ಮೂರ ತಾಲ್ಲೂಕು ಕಚೇರಿಯನ್ನು ಹೊಗಳಲು ನಾನು ಕೂತಿಲ್ಲ. ಆದರೂ ಅರ್ಜಿ ಹಾಕಿದವನಿಗೆ ಒಂದು ತಾರೀಕು ಸಿಗುತ್ತದೆ. ನನ್ನ ಕೈಯಲ್ಲಿರುವ ರಸೀದಿಯಲ್ಲಿ ಹದಿಮೂರು ಅಕ್ಷರದ ನಂಬರ್ ಇದೆ, ತಾರೀಕಿಲ್ಲ. ನಮ್ಮವರ ಅರ್ಜಿ 15 ದಿನದಲ್ಲಿ ಆಗದಿದ್ದರೆ ಪ್ರೀಮಿಯಂ ದುಡ್ಡು ವಾಪಸ್ ಕೊಡಬೇಕಿತ್ತು. ನನ್ನ ಎಂಟು ತಿಂಗಳಿಗೆ ಯಾರು ಏನು ವಾಪಸ್ ಕೊಡುತ್ತಾರೆ?

ಗ್ರೀನ್ ಕಾರ್ಡ್ ಬಂದರೆ ಇದೆಲ್ಲ ಮುಗಿಯುತ್ತದಲ್ಲ ಅಂತ ಹೇಳುವವರಿದ್ದಾರೆ. ನಮ್ಮ ಸರದಿಯ ತಾರೀಕು 2016ರದ್ದು, ಭಾರತದಲ್ಲಿ ಹುಟ್ಟಿದವರ ಉದ್ದದ ಸಾಲು, ಇನ್ನೂ ಕಾಯುತ್ತಿದ್ದೇವೆ. ಅಷ್ಟು ಸಾಕು.

ನೀವು ಹೊಸ ಕಾಯ್ದೆ ಮಾಡಬೇಕಾಗಿಲ್ಲ. ಎರಡು ವರ್ಷ ಮಾಡಿದ್ದನ್ನೇ ಮತ್ತೆ ಮಾಡಿ ಅಂತ ಇಲಾಖೆಗೆ ನಿಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಯಿರಿ. ಸಹಿ ಮಾತ್ರ ಪೆನ್ನಿನಲ್ಲಿ ಹಾಕಿ. ಗಂಡನದ್ದು ನೋಡುವಾಗ ಹೆಂಡತಿಯದ್ದನ್ನೂ ನೋಡಿ. ಒಂದೇ ಕವರು, ಒಂದೇ ಮನೆ, ಒಬ್ಬನೇ ಅಧಿಕಾರಿ. ಒಟ್ಟಿಗೆ ನೋಡಿ.

ಉತ್ತರ ಬರೆಯುವುದಾದರೆ ಇಂಗ್ಲಿಷಿನಲ್ಲೇ ಬರೆಯಿರಿ, ನಾನು ಓದಿಕೊಳ್ಳುತ್ತೇನೆ. ಅದರಲ್ಲಿ ನಾರ್ಮಲ್ ಅನ್ನುವ ಮಾತು ಇರಬಾರದು.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಎಚ್-4

ತಾ.ಕ.: ಸ್ಟ್ರೋಲರ್ ಈಗ ಗ್ಯಾರೇಜಿನಲ್ಲಿಲ್ಲ, ಮುಂಬಾಗಿಲ ಹತ್ತಿರವೇ ಇದೆ. ಚಕ್ರಕ್ಕೆ ಎಣ್ಣೆ ಬಿಟ್ಟಿದ್ದೇನೆ.