ಇಳಿತದ ಹೊತ್ತು ನೋಡಿ ಹೊರಡೋಣ

ವಿರಾಜಪೇಟೆ

ಪ್ರೀತಿಯ ಪುಟ್ಟಿ,

ಅರೇಬಿಕಾ ಕುಯ್ಲು ಮುಗಿಯುತ್ತಾ ಬಂತು. ಕಣದ ತುಂಬಾ ಕಾಫಿ ಹರಡಿದೆ. ಒಂದು ತುಂಡು ಮೋಡ ಕಂಡರೂ ನಿನ್ನಮ್ಮ ಟಾರ್ಪಾಲು ಹಿಡಿದು ಓಡುತ್ತಾಳೆ. ರೋಬಸ್ಟಾ ಶುರುವಾಗುವ ಮೊದಲು ಸ್ವಲ್ಪ ಬಿಡುವಿದೆ, ಮಕ್ಕಳಿಗೂ ಕ್ರಿಸ್‌ಮಸ್ ರಜೆ ಅಲ್ವಾ? ನೀನು ಬೀಚ್ ಅಂದಿದ್ದೆ. ಬೀಚ್ ಇನ್ನೊಂದು ಸಲ ಆಗಲಿ, ಈ ಸಲ ಕಡಲುಂಡಿಗೆ ಹೋಗೋಣ.

ಕಲ್ಲಿಕೋಟೆ ದಾಟಿ ಸ್ವಲ್ಪ ದಕ್ಷಿಣಕ್ಕೆ, ಕಡಲುಂಡಿ ಹೊಳೆ ಸಮುದ್ರ ಸೇರುವ ಜಾಗ ಅದು. 2007ರಲ್ಲಿ ಕೇರಳದ ಮೊದಲ ಸಮುದಾಯ ಮೀಸಲು ಪ್ರದೇಶವಾಯಿತು, ಅಂದರೆ ಊರಿನವರೂ ಸೇರಿ ಕಾಪಾಡುವ ಜಾಗ. ನವೆಂಬರಿನಿಂದ ಏಪ್ರಿಲ್‌ವರೆಗೆ ವಲಸೆ ಹಕ್ಕಿಗಳ ಕಾಲ.

ಹೋದ ವರ್ಷ ನಾವಿಬ್ಬರೂ ಹೋಗಿದ್ದ ಕತೆ ನಿನಗೆ ಪೂರ್ತಿ ಹೇಳಿರಲಿಲ್ಲ. ಮರ್ಯಾದೆ ಪ್ರಶ್ನೆ! ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಮಾಕುಟ್ಟದ ತಿರುವುಗಳಲ್ಲಿ ಅಮ್ಮನ ಹತ್ತಿರ ಬೈಸಿಕೊಂಡು, ಹೋಗಿ ನೋಡಿದರೆ ಬರೀ ನೀರು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಮೇಲೆ ನಾಲ್ಕು ಬೆಳ್ಳಕ್ಕಿ. "ಇಷ್ಟು ನಮ್ಮ ಗದ್ದೆಯಲ್ಲೇ ಇದಾವಲ್ಲ" ಅಂದಳು ಅಮ್ಮ. ನಾನು ಉಬ್ಬರದ ಹೊತ್ತಿಗೆ ಸರಿಯಾಗಿ ಹೋಗಿದ್ದೆ! ನೀರು ಇಳಿಯಲಿ, ಕಾಯಿರಿ ಅಂದ ದೋಣಿಯವನು.

ಅಕ್ಕಿರೊಟ್ಟಿ, ಎಳ್ಳು ಪಜ್ಜಿ ತಿಂದು ಕೂತೆವು. ಮೊದಲು ಕಾಂಡ್ಲಾದ ಉಸಿರು ಬೇರುಗಳು ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಕಂಡವು. ಆಮೇಲೆ ಕೆಸರು ಅಂಗೈಯಷ್ಟು, ಅಂಗಳದಷ್ಟು, ಕೊನೆಗೆ ಗದ್ದೆ ಬಯಲಷ್ಟು ಅಗಲವಾಯಿತು. ಏಡಿಗಳು ಹೊರಗೆ ಬಂದವು, ಹಿಂದೆಯೇ ಹಕ್ಕಿಗಳು. ಕುಡುಗೋಲಿನ ಹಾಗೆ ಕೊಕ್ಕು ಬಾಗಿದ ವಿಂಬ್ರೆಲ್ ಒಂದು, ಏಡಿಯನ್ನು ಎಳೆದು, ಒದರಿ ಒದರಿ ಕಾಲು ಉದುರಿಸಿ, ಉಳಿದದ್ದನ್ನು ಗುಳುಂ ಮಾಡಿತು. ಅಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಅಲ್ಲೇ ಪುಟಪುಟ ಓಡುತ್ತಿದ್ದ ಕರ್ಲ್ಯೂ ಸ್ಯಾಂಡ್‌ಪೈಪರ್ ಅರವತ್ತು ಗ್ರಾಂ ತೂಗಿದರೆ ಹೆಚ್ಚು. ಮೊಟ್ಟೆ ಇಡೋದು ಸೈಬೀರಿಯಾದ ಉತ್ತರದ ತುದಿಯಲ್ಲಿ. ಇಲ್ಲಿಂದ ಬೆಂಗಳೂರಿಗೆ ಹೋಗಿ ಬರಲು ನಮಗೆ ಸೊಂಟ ನೋವು.

ಮರಳು ಬಂದು ಕೆಸರನ್ನು ಮುಚ್ಚುತ್ತಿದೆ, ಹಕ್ಕಿ ಮೊದಲಿನಷ್ಟಿಲ್ಲ ಅಂತ ದೋಣಿಯವನು ಬೇಜಾರು ಮಾಡಿಕೊಂಡ. ಅದಕ್ಕೇ ಮಕ್ಕಳಿಗೆ ಈಗಲೇ ತೋರಿಸೋ ಆಸೆ ನನಗೆ.

ನೀನು ಬರುವ ದಿನ ಬೇಗ ತಿಳಿಸು. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಹೊರಡುವ ಹೊತ್ತನ್ನು ನಿನ್ನ ಗಂಡ ಅಲ್ಲ, ಸಮುದ್ರ ತೀರ್ಮಾನ ಮಾಡಬೇಕು. ಚಿಕ್ಕವನಿಗೆ ಎರಡು ಜೊತೆ ಬಟ್ಟೆ ಜಾಸ್ತಿ ಇಟ್ಟುಕೋ, ಕೆಸರು ಕಂಡರೆ ಅವನು ಬಿಡೋನಲ್ಲ. ನಿನ್ನ ಹಳೇ ದುರ್ಬೀನು ಬೀರುವಿನಲ್ಲೇ ಇದೆ. ಮಳೆಗಾಲದಲ್ಲಿ ಒಂದು ಗಾಜಿಗೆ ಫಂಗಸ್ ಹಿಡಿದಿದೆ. ಬೆಂಗಳೂರಿನಲ್ಲಿ ಸರಿ ಮಾಡಿಸುತ್ತೀಯಾ, ಇಲ್ಲ ಒಂದೇ ಕಣ್ಣಲ್ಲಿ ನೋಡೋಣವಾ?

ನಿನ್ನ
ಅಪ್ಪ