ಪಾಯ ತೆಗೆಸುವ ಮೊದಲು ನಕ್ಷೆ ಮಂಜೂರಾತಿ

ಸದಸ್ಯರೆಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಮನೆ ಕಟ್ಟಿಸಲು ಹೊರಟವರು ದಯವಿಟ್ಟು ಪೂರ್ತಿ ಓದಿ.

ಗ್ರಾಮ ಪಂಚಾಯಿತಿಗೆ ಅರ್ಜಿ ಹಾಕುವ ಮುನ್ನ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ, ಭೂಪರಿವರ್ತನೆ ಆದೇಶ, ಕ್ರಯಪತ್ರ, ತೆರಿಗೆ ರಸೀದಿ ಜೋಡಿಸಿಕೊಳ್ಳಿ. ನಿವೇಶನವನ್ನು ಟೇಪು ಹಿಡಿದು ನೀವೇ ಅಳೆಯಿರಿ. ನನ್ನ ಅರ್ಜಿ ವಾಪಸಾದದ್ದು ಪೂರ್ವದ ಗಡಿಯ ಅರ್ಧ ಅಡಿಗೆ: ಪತ್ರದಲ್ಲಿ 40, ನೆಲದಲ್ಲಿ 39.5. ತಿದ್ದುಪಡಿ ಮುಗಿಯುವಷ್ಟರಲ್ಲಿ ಮೊದಲೇ ತರಿಸಿದ್ದ ಸಿಮೆಂಟು ಮೂಟೆಯಲ್ಲೇ ಕಲ್ಲಾಗಿತ್ತು.

ಸ್ವಾಧೀನಾನುಭವ ಪತ್ರವಿಲ್ಲದೆ (ಮನೆ ನಕ್ಷೆಯಂತೆ ಮುಗಿದಿದೆ, ವಾಸಿಸಬಹುದು ಎಂಬ ಪತ್ರ, ಒ.ಸಿ.) ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ಮಂಜೂರಾದ ನಕ್ಷೆಯ ಪ್ರತಿಯನ್ನು ಕೆಲಸ ಮುಗಿಯುವವರೆಗೂ ಸ್ಥಳದಲ್ಲಿ ಪ್ರದರ್ಶಿಸಬೇಕೆಂದೂ ಹೇಳಿದೆ. ಹಾಗಾಗಿ ನಕ್ಷೆ ಮೀರಿ ಒಂದು ಕಂಬವನ್ನೂ ಎಬ್ಬಿಸಬೇಡಿ.

ಅಳತೆಯಲ್ಲಿ ಗೊಂದಲವಿದ್ದವರು ಭಾನುವಾರ ಬೆಳಿಗ್ಗೆ ಕರೆಯಿರಿ, ಟೇಪು ತೆಗೆದುಕೊಂಡು ಬರುತ್ತೇನೆ.