ಪದಕ ಕರಗಿಸುವ ಮುನ್ನ ಅಂಚು ಓದಿ

ಮಾನ್ಯ ಸಂಪಾದಕರೇ,

ಬೆಳ್ಳಿ ದರ ಏರಿದಾಗಲೆಲ್ಲ ಕೋಲಾರ, ಮುಳಬಾಗಿಲು, ಮಾಲೂರು ಕಡೆಯ ಅಂಗಡಿಗಳಲ್ಲಿ ಹಳೇ ಕಾಲ್ಗೆಜ್ಜೆ, ಕುಂಕುಮ ಭರಣಿಗಳ ಜೊತೆ ಮುತ್ತಾತನ ಯುದ್ಧದ ಪದಕವೂ ತಕ್ಕಡಿಗೆ ಬೀಳುತ್ತದೆ. ಒಂದು ಬದಿ ಐದನೇ ಜಾರ್ಜ್ ಮುಖ, ಇನ್ನೊಂದು ಬದಿ ಕುದುರೆ ಸವಾರ ಮತ್ತು 1914, 1918 ಎಂದಿದ್ದರೆ ಅದು ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್. ಅದನ್ನು ಕರಗಿಸುವ ಮುನ್ನ ಅಂಚು ಓದಿ. ಸಿಪಾಯಿಯ ನಂಬರು, ಹುದ್ದೆ, ಹೆಸರು, ದಳ ಎಲ್ಲವನ್ನೂ ಅಲ್ಲಿ ಇಂಗ್ಲಿಷಿನಲ್ಲಿ ಒತ್ತಿರುತ್ತಾರೆ.

ಹುಣಸೆಹಣ್ಣು, ವಿಭೂತಿ, ಪಾಲಿಶ್ ಯಾವುದೂ ಬೇಡ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು, ಪದಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಫೋಟೊ ತೆಗೆಯಿರಿ. ಆಗಲೂ ಕಾಣದಿದ್ದರೆ ಅಂಚಿಗೆ ತೆಳು ಕಾಗದ ಸುತ್ತಿ 2ಬಿ ಪೆನ್ಸಿಲನ್ನು ಮಲಗಿಸಿ ಸವರಿದರೆ ಅಕ್ಷರ ಮೂಡುತ್ತದೆ. ಅಗಲ 36 ಮಿ.ಮೀ.ಗಿಂತ ಕಡಿಮೆಯಿದ್ದರೆ ಅನುಮಾನಿಸಿ: ಹಳೇ ಹೆಸರನ್ನು ಅರದಿಂದ ಉಜ್ಜಿ ಬೇರೆ ಹೆಸರು ಹೊಡೆದಿರಬಹುದು. ನಕ್ಷತ್ರಾಕಾರದ ಪದಕವಾದರೆ ಹೆಸರು ಹಿಂಬದಿಯಲ್ಲಿರುತ್ತದೆ.

ನಂಬರೊಂದನ್ನೇ ನಂಬಿ ಹುಡುಕಬೇಡಿ. ಆಗ ಪ್ರತಿ ದಳಕ್ಕೂ ಅದರದೇ ನಂಬರುಗಳಿದ್ದವು. ಹೆಸರೂ ಅಷ್ಟೇ, ನಮ್ಮ ಜಿಲ್ಲೆಯಲ್ಲಿ ಮುನಿಸ್ವಾಮಿಗಳಿಗೇನು ಬರವೇ? ಅದರ ಮೇಲೆ ಗುಮಾಸ್ತರ ಕಾಗುಣಿತ ಬೇರೆ. ನಂಬರು, ಹೆಸರು, ದಳ ಮೂರೂ ಹೊಂದಬೇಕು.

ಜೊತೆಯಲ್ಲಿ 1914–15 ಸ್ಟಾರ್ ಎಂಬ ನಕ್ಷತ್ರ ಪದಕ ಇದ್ದರೆ ಆತ 1915 ಮುಗಿಯುವುದರೊಳಗೇ ರಣರಂಗ ಸೇರಿದವನು. ಅದಿಲ್ಲದೆ ವಾರ್ ಮೆಡಲ್ ಜೊತೆ ಅದೇ ಯುದ್ಧದ ವಿಕ್ಟರಿ ಮೆಡಲ್ ಮಾತ್ರ ಇದ್ದರೆ ಸಾಮಾನ್ಯವಾಗಿ 1916ರಿಂದೀಚೆಗೆ ಹೋದವನು. ವಾರ್ ಮೆಡಲ್ ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಹೆಚ್ಚಾಗಿ ಕೂಲಿ ದಳದವನು.

ಮುಂದೆ ಎಲ್ಲಿ ವಿಚಾರಿಸಬೇಕೆಂಬುದು ದಳದ ಮೇಲಿದೆ. ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ದಳ) ಎಂದಿದ್ದರೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ರೆಕಾರ್ಡ್ಸ್ ಕಚೇರಿಗೆ ಅಂಚಿನ ಫೋಟೊ, ಊರು, ನಿಮ್ಮ ಸಂಬಂಧದ ದಾಖಲೆ ಸೇರಿಸಿ ಬರೆಯಿರಿ. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಕಡತಗಳನ್ನು 25 ವರ್ಷದ ಬಳಿಕ ನಾಶಪಡಿಸುವ ನಿಯಮವಿದೆ. ಹಾಗಾಗಿ ಮನೆಯ ಟ್ರಂಕಿನಲ್ಲಿ ಡಿಸ್ಚಾರ್ಜ್ ಕಾಗದ ಇದೆಯೇ ಎಂದು ಮೊದಲು ನೋಡಿ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಕುದುರೆ ಪಡೆ. ಅವರ ವಿಚಾರವನ್ನು ರಾಜ್ಯ ಪತ್ರಾಗಾರದ ಮೈಸೂರು ಸರ್ಕಾರದ ಕಡತಗಳಲ್ಲಿ ಹುಡುಕಬೇಕು. ಯುದ್ಧದಲ್ಲಿ ಮಡಿದವರ ವಿವರ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರೂ ಇರುತ್ತವೆ.

ಎರಡನೇ ಮಹಾಯುದ್ಧದ ಪದಕಗಳಲ್ಲಿ ಬೆಳ್ಳಿಯಿಲ್ಲವೆಂದು ಗುಜರಿಗೆ ಹಾಕಬೇಡಿ. ಬ್ರಿಟಿಷ್ ಸೈನಿಕರಿಗೆ ಅವನ್ನು ಹೆಸರಿಲ್ಲದೆ ಕೊಟ್ಟರೂ ಭಾರತೀಯರಿಗೆ ಹೆಸರು ಹೊಡೆದೇ ಕೊಟ್ಟಿದ್ದಾರೆ.

ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ಇಂಥ ಪದಕಗಳ ಅಂಚಿನ ಫೋಟೊ ಪಡೆದು ಊರುವಾರು ಪಟ್ಟಿ ಇಡಬೇಕು. ಬೆಳ್ಳಿ ಅಂಗಡಿಯವರು ಮೂಸೆಗೆ ಹಾಕುವ ಮುಂಚೆ ಮೊಬೈಲಿನಲ್ಲಿ ಅಂಚಿನ ಫೋಟೊ ತೆಗೆದು ಅಲ್ಲಿಗೆ ಕಳಿಸಿದರೂ ಸಾಕು.

– ಪದಕ ಸಂಗ್ರಾಹಕರು, ಕೋಲಾರ